ಒಡತಿಯೇ ಒಳಗೆ ಬರುವಂತಿರಲಿಲ್ಲ

ನ್ಯೂಯಾರ್ಕಿನ ಈಸ್ಟ್ ವಿಲೇಜ್ ಬಡಾವಣೆಯಲ್ಲಿರುವ ಮೆಕ್‌ಸಾರ್ಲೀಸ್ ಓಲ್ಡ್ ಏಲ್ ಹೌಸ್‌ನಲ್ಲಿ ಏನು ಕುಡಿಯಲಿ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಸಿಗುವುದು ಏಲ್ ಎಂಬ ಬಿಯರ್. ಅದರಲ್ಲಿ ಎರಡೇ ಬಗೆ: ತಿಳಿ ಬಣ್ಣದ್ದು, ಕಪ್ಪನೆಯದು. ಒಂದು ಹೇಳಿದರೆ ಎರಡು ಸಣ್ಣ ಮಗ್ ಮೇಜಿಗೆ ಬರುತ್ತವೆ. ನಂಜಿಕೊಳ್ಳಲು ಚೀಸ್, ಕ್ರ್ಯಾಕರ್ ಬಿಸ್ಕತ್ತು, ಹಸಿ ಈರುಳ್ಳಿ, ಮೂಗಿಗೇರುವ ಸಾಸಿವೆ. ಕಾಲಡಿಯಲ್ಲಿ ಮರದ ಹೊಟ್ಟು.

ಐರ್ಲೆಂಡಿನಿಂದ ವಲಸೆ ಬಂದ ಜಾನ್ ಮೆಕ್‌ಸಾರ್ಲಿ 1854ರಲ್ಲಿ ಇದನ್ನು ತೆರೆದ ಎಂಬುದು ಅಂಗಡಿಯವರ ಲೆಕ್ಕ. ನಗರದ ದಾಖಲೆಗಳ ಪ್ರಕಾರ 1861ರಲ್ಲಿ ಆ ಜಾಗ ಖಾಲಿ ಸೈಟು. ಹಾಗಾದರೆ, 1860ರಲ್ಲಿ ಹತ್ತಿರದ ಕೂಪರ್ ಯೂನಿಯನ್‌ನಲ್ಲಿ ಭಾಷಣ ಮುಗಿಸಿದ ಅಬ್ರಹಾಂ ಲಿಂಕನ್ ಇಲ್ಲಿಗೆ ಬಂದಿದ್ದನೆಂಬ ಕತೆಯ ಗತಿಯೇನು? ಅಂಗಡಿಯವರು ಅದನ್ನಂತೂ ಬಿಟ್ಟುಕೊಟ್ಟಿಲ್ಲ.

ಬಾರಿನ ಮೇಲೆ ಟರ್ಕಿ ಕೋಳಿಯ ಕವಲು ಮೂಳೆಗಳು ಸಾಲಾಗಿ ನೇತಾಡುತ್ತವೆ. ಮೊದಲ ಮಹಾಯುದ್ಧಕ್ಕೆ ಹೊರಟ ಹುಡುಗರು ತೂಗುಹಾಕಿ ಹೋದವಂತೆ. ಬದುಕಿ ಬಂದವರು ತಮ್ಮದನ್ನು ತೆಗೆದುಕೊಂಡರು, ಉಳಿದವು ಬಾರದವರವು. ಅವುಗಳ ಮೇಲೆ ದಶಕಗಳ ಧೂಳು ಜೋತಾಡುತ್ತಿತ್ತು. 2011ರಲ್ಲಿ ಆರೋಗ್ಯ ಇಲಾಖೆ ತಕರಾರು ತೆಗೆದಾಗ ಮಾಲೀಕ ಮ್ಯಾಥ್ಯೂ ಮಾಹರ್ ತಾವೇ ನಿಂತು ಧೂಳು ತೆಗೆದರು.

ಹಳೆಯದನ್ನು ಬದಲಿಸದ ಈ ಹಟ ಹೆಂಗಸರ ವಿಷಯದಲ್ಲೂ ಇತ್ತು. ಒಳ್ಳೆಯ ಏಲ್, ಹಸಿ ಈರುಳ್ಳಿ, ಹೆಂಗಸರಿಲ್ಲ – ಇದು ಅಂಗಡಿಯ ಘೋಷವಾಕ್ಯವೇ ಆಗಿತ್ತು. 1936ರಲ್ಲಿ ಮೆಕ್‌ಸಾರ್ಲಿ ಮನೆತನದಿಂದ ಅಂಗಡಿ ಕೊಂಡವರು ಪೊಲೀಸ್ ಡೇನಿಯಲ್ ಓ'ಕಾನೆಲ್. 1939ರಲ್ಲಿ ಅವರು ತೀರಿಕೊಂಡಾಗ ಒಡೆತನ ಮಗಳು ಡೊರೊಥಿ ಕಿರ್ವನ್ ಪಾಲಿಗೆ ಬಂತು. ಆಕೆ ಅಪ್ಪನಿಗೆ ಕೊಟ್ಟ ಮಾತು ಮೀರಲಿಲ್ಲ: ವ್ಯಾಪಾರ ಗಂಡನಿಗೆ ವಹಿಸಿ, ಬಾಗಿಲು ಹಾಕಿದ ಮೇಲಷ್ಟೇ ಒಳಗೆ ಬರುತ್ತಿದ್ದರು.

1969ರಲ್ಲಿ ಫೇತ್ ಸೈಡನ್‌ಬರ್ಗ್, ಕರೆನ್ ಡಿಕ್ರೋ ಎಂಬ ಇಬ್ಬರು ಮಹಿಳಾ ಹಕ್ಕುಗಳ ಹೋರಾಟಗಾರ್ತಿಯರು ಬಂದು ಏಲ್ ಕೇಳಿದರು. ಕೊಡಲಿಲ್ಲ. ಅವರು ಕೋರ್ಟಿಗೆ ಹೋದರು. ಸರ್ಕಾರದ ಮದ್ಯದ ಲೈಸೆನ್ಸ್ ಪಡೆದವರು ಹೀಗೆ ಭೇದ ಮಾಡುವಂತಿಲ್ಲ ಎಂದು ಫೆಡರಲ್ ನ್ಯಾಯಾಲಯ 1970ರಲ್ಲಿ ತೀರ್ಪಿತ್ತಿತು. ಅದೇ ವರ್ಷ ಆಗಸ್ಟ್‌ನಲ್ಲಿ ಮೇಯರ್ ಜಾನ್ ಲಿಂಡ್ಸೆ ಸಹಿಯಿಂದ ನಗರದಲ್ಲೂ ಇಂಥ ಭೇದ ತಡೆಯುವ ಕಾನೂನು ಬಂತು. ಸಹಿ ಬಿದ್ದ ದಿನವೇ ಒಳಹೊಕ್ಕ ಹೋರಾಟಗಾರ್ತಿ ಲೂಸಿ ಕೋಮಿಸರ್ ಮೇಲೆ ಯಾರೋ ಬಿಯರ್ ಸುರಿದರು. ಮೊದಲ ಮಗ್ ನೀನೇ ಕುಡಿ ಎಂದು ಮಗ ಕೇಳಿದರೂ ಡೊರೊಥಿ ಒಪ್ಪಲಿಲ್ಲ.

ಬಾಗಿಲು ತೆರೆಯಿತಾದರೂ ಹೆಂಗಸರಿಗೆಂದು ಬೇರೆ ಶೌಚಾಲಯ ಬರಲು 1986 ಆಯಿತು. ಬಾರಿನ ಹಿಂದೆ ನಿಂತು ಏಲ್ ಬಗ್ಗಿಸಿಕೊಡುವ ಕೆಲಸಕ್ಕೆ ಮೊದಲ ಹೆಂಗಸು ಬಂದದ್ದು 1994ರಲ್ಲಿ: ಮಾಹರ್ ಅವರ ಮಗಳು ಟೆರೆಸಾ.