ಕಾಲಡಿಯ ಲೆಕ್ಕ: ಕಡಿಮೆ ಖರ್ಚಿನಲ್ಲಿ ಬಾಳುವ ನೆಲ

ಮನೆ ಕಟ್ಟುವ ಕೆಲಸದಲ್ಲಿ ನೆಲದ ಸರದಿ ಬರುವುದು ಕೊನೆಗೆ. ಪಾಯ, ಗೋಡೆ, ತಾರಸಿ, ಬಾಗಿಲು-ಕಿಟಕಿ ಎಲ್ಲ ಮುಗಿದು ಕೈಯಲ್ಲಿದ್ದ ದುಡ್ಡು ಕರಗಿದ ಹೊತ್ತಿಗೆ ಮನೆಯವರು ಟೈಲ್ಸ್ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ. ಅಲ್ಲಿ ಕಣ್ಣಿಗೆ ಬೀಳುವುದು ಚದರ ಅಡಿಗೆ ಇಷ್ಟು ಎಂಬ ಒಂದೇ ಅಂಕಿ. ಕೆಳಗೆ ಹಾಕುವ ಬೆಡ್, ಸಿಮೆಂಟು-ಮರಳು, ಹಾಕುವವರ ಕೂಲಿ, ಗಾಡಿ ಬಾಡಿಗೆ, ಮೂಲೆಗಳಲ್ಲಿ ಕತ್ತರಿಸಿ ವ್ಯರ್ಥವಾಗುವ ಚೂರು, ಮುಂದೆ ವರ್ಷಗಟ್ಟಲೆ ತೊಳೆದು ಒರೆಸುವ ಶ್ರಮ ಯಾವುದೂ ಆ ಅಂಕಿಯೊಳಗೆ ಇರುವುದಿಲ್ಲ. ನೆಲ ಅಗ್ಗವೋ ದುಬಾರಿಯೋ ಎಂದು ತೀರ್ಮಾನಿಸುವುದು ಅಂಗಡಿಯ ಬೆಲೆಯಲ್ಲ, ಈ ಉಳಿದ ಬಾಬತ್ತುಗಳು.

ತುಮಕೂರು ಜಿಲ್ಲೆ ಕಲ್ಲಿನ ನಾಡು. ರಾಮನಗರದ ಹಳೆಯ ಹೆಸರಿನಿಂದ ಕ್ಲೋಸ್‌ಪೇಟ್ ಗ್ರಾನೈಟ್ ಎಂದು ಭೂವಿಜ್ಞಾನಿಗಳು ಕರೆಯುವ, ಸುಮಾರು 250 ಕೋಟಿ ವರ್ಷ ಹಳೆಯ ಶಿಲಾಪಟ್ಟಿ ಉತ್ತರಕ್ಕೆ ಮಧುಗಿರಿ, ಪಾವಗಡಗಳತ್ತ ಹಾಯುತ್ತದೆ. ಆದ್ದರಿಂದ ಈ ಸೀಮೆಯ ಹಳೆಯ ಮನೆಗಳಲ್ಲಿ ಚಪ್ಪಡಿ ಕಲ್ಲಿನ ಬಳಕೆ ಸಹಜವಾಗಿಯೇ ಬಂತು. ಜಗಲಿಗೆ, ಬಚ್ಚಲಿಗೆ, ದನದ ಕೊಟ್ಟಿಗೆಗೆ ಚಪ್ಪಡಿ. ಪಡಸಾಲೆಗೆ, ಅಡುಗೆಮನೆಗೆ ಸಗಣಿ ಸಾರಿಸಿದ ಮಣ್ಣಿನ ನೆಲ. ಆಮೇಲೆ ಸಿಮೆಂಟು ಬಂದು ಗಾರೆ ನೆಲವೂ ಅದರ ಮೇಲೆ ಕೆಂಪು ಬಣ್ಣದ ರೆಡ್ ಆಕ್ಸೈಡೂ ಬಂದವು. ಪೇಟೆಯ ಮನೆಗಳಲ್ಲಿ ಮೊಸಾಯಿಕ್ ಕೆಲಕಾಲ ಆಳಿತು. ಈಗ ಹೊಸ ಮನೆ ಎಂದರೆ ವಿಟ್ರಿಫೈಡ್ ಟೈಲ್ಸ್ ಅಥವಾ ಗ್ರಾನೈಟ್ ಎಂಬಂತಾಗಿದೆ.

ಇವುಗಳಲ್ಲಿ ಅನ್ಯಾಯವಾಗಿ ಹಿಂದೆ ಬಿದ್ದಿರುವುದು ರೆಡ್ ಆಕ್ಸೈಡ್ ನೆಲ. ಸಾಮಗ್ರಿಯ ಮಟ್ಟಿಗೆ ಇದರಷ್ಟು ಕಡಿಮೆ ಖರ್ಚಿನ ಚೆಂದದ ನೆಲ ಇನ್ನೊಂದಿಲ್ಲ: ಸಿಮೆಂಟು, ಮರಳು, ಜಲ್ಲಿ, ಸ್ವಲ್ಪ ಕಬ್ಬಿಣದ ಆಕ್ಸೈಡಿನ ಪುಡಿ, ನೀರು. ಉಳಿದದ್ದೆಲ್ಲ ಮೇಸ್ತ್ರಿಯ ಕೈ. ತುಂಬಿದ ಮಣ್ಣಿಗೆ ನೀರು ಬಿಟ್ಟು, ದಮ್ಮಸು ಮಾಡಿ, ಮೂರು-ನಾಲ್ಕು ಅಂಗುಲ ದಪ್ಪಕ್ಕೆ ಜಲ್ಲಿ ಕಾಂಕ್ರೀಟು ಹಾಕುತ್ತಾರೆ. ಅದರ ಮೇಲೆ ಸುಮಾರು ಒಂದು ಅಂಗುಲ ಗಾರೆ. ಗಾರೆ ಪೂರ್ತಿ ಒಣಗುವ ಮೊದಲೇ ಸಿಮೆಂಟು ಮತ್ತು ಬಣ್ಣದ ಪುಡಿಯ ತೆಳುವಾದ ಪದರ ಎಳೆದು, ಕರಣೆಯಿಂದ ಒತ್ತಿ ಒತ್ತಿ ಉಜ್ಜುತ್ತಾರೆ. ಹೊಳಪು ಹುಟ್ಟುವುದು ಈ ಉಜ್ಜಾಟದಿಂದಲೇ ಹೊರತು ಬಣ್ಣದಿಂದಲ್ಲ.

ಬಲ್ಲ ಮೇಸ್ತ್ರಿ ಒಂದು ಕೋಣೆಗೆ ಬೇಕಾದ ಸಿಮೆಂಟು ಮತ್ತು ಪುಡಿಯನ್ನು ಒಟ್ಟಿಗೇ ಒಣದಾಗಿ ಕಲಸಿ, ಜರಡಿ ಹಿಡಿದು ಇಟ್ಟುಕೊಳ್ಳುತ್ತಾನೆ. ಅರ್ಧ ಕೋಣೆಗೆ ಒಮ್ಮೆ, ಉಳಿದರ್ಧಕ್ಕೆ ಇನ್ನೊಮ್ಮೆ ಕಲಸಿದರೆ ಎರಡು ಬಗೆಯ ಕೆಂಪು ಬಂದು ನಡುವೆ ಗೆರೆ ಕಾಣುತ್ತದೆ. ಪುಡಿ ಹೆಚ್ಚಾದರೆ ಬಣ್ಣ ಗಾಢವಾಗುತ್ತದೆ, ಮೇಲ್ಮೈ ಮಾತ್ರ ಬಲ ಕಳೆದುಕೊಳ್ಳುತ್ತದೆ. ಕೋಣೆ ದೊಡ್ಡದಾದರೆ ಗಾಜಿನ ಪಟ್ಟಿ ಇಟ್ಟು ಚೌಕಗಳಾಗಿ ಭಾಗ ಮಾಡುವುದು ವಾಡಿಕೆ. ಸಿಮೆಂಟು ಕುಗ್ಗುವಾಗ ಬಿರುಕು ಎಲ್ಲೆಂದರಲ್ಲಿ ಓಡದೆ ಆ ಪಟ್ಟಿಗಳಲ್ಲೇ ನಿಲ್ಲುತ್ತದೆ. ಮರುದಿನದಿಂದ ಕನಿಷ್ಠ ಒಂದು ವಾರ ನೀರು ನಿಲ್ಲಿಸಬೇಕು. ಬಿಸಿಲು, ಬಿಸಿಗಾಳಿ ತಾಗದಂತೆ ಬಾಗಿಲು-ಕಿಟಕಿ ಮುಚ್ಚಬೇಕು. ತುಮಕೂರಿನ ಏಪ್ರಿಲ್ ಬಿಸಿಲಿನಲ್ಲಿ ಈ ಒಂದು ವಾರವನ್ನು ತಪ್ಪಿಸಿದ ನೆಲ ಕೂದಲೆಳೆಯ ಬಿರುಕುಗಳಿಂದ ತುಂಬುತ್ತದೆ. ಒಣಗಿದ ಮೇಲೆ ಕೊಬ್ಬರಿ ಎಣ್ಣೆ ಅಥವಾ ಮೇಣ ತಿಕ್ಕುತ್ತಾರೆ. ತೆಂಗಿನ ಸೀಮೆಯಲ್ಲಿ ಎಣ್ಣೆಗೇನೂ ಬರವಿಲ್ಲ.

ಸಂದುಗಳಿಲ್ಲದ, ಬರಿಗಾಲಿಗೆ ತಂಪಾದ, ಒರೆಸಿದಷ್ಟೂ ನುಣುಪಾಗುವ ನೆಲ ಇದು. ದೋಷವೂ ಇದೆ. ಒಮ್ಮೆ ಒಡೆದರೆ ತೇಪೆಯ ಬಣ್ಣ ಹಳೆಯದಕ್ಕೆ ಹೊಂದುವುದಿಲ್ಲ. ಪುರುಸೊತ್ತಿನ ಕೆಲಸವಾದ್ದರಿಂದ ಕೂಲಿ ಹೆಚ್ಚು, ಬಲ್ಲವರು ಈಗ ವಿರಳ. ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ಹಳೆಯ ಗಾರೆ ಕೆಲಸದವರು ಸಿಕ್ಕರೆ, ಅವರು ಹಿಂದೆ ಮಾಡಿದ ಒಂದು ನೆಲವನ್ನು ನೋಡಿ ಬಂದು ಕೆಲಸ ಒಪ್ಪಿಸುವುದು ಜಾಣತನ.

ಕಲ್ಲಿನ ಆಯ್ಕೆಯಲ್ಲಿ ಮೊದಲು ತಿಳಿಯಬೇಕಾದದ್ದು ಸುಣ್ಣಕಲ್ಲು ಯಾವುದು, ಗ್ರಾನೈಟ್ ಯಾವುದು ಎಂಬುದು. ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು, ಆಂಧ್ರದ ಕಡಪ ಕಲ್ಲು ಎರಡೂ ಸುಣ್ಣಕಲ್ಲುಗಳು. ಅವು ಪದರಪದರವಾಗಿ ಸೀಳುವುದರಿಂದ ಗರಗಸದ ಖರ್ಚು ಕಡಿಮೆ, ಬೆಲೆಯೂ ಕಡಿಮೆ. ಆದರೆ ನಿಂಬೆರಸ, ಹುಣಸೆಹುಳಿ, ಬಚ್ಚಲು ತೊಳೆಯುವ ಆಸಿಡ್ ಈ ಕಲ್ಲುಗಳ ಮೇಲೆ ಬಿದ್ದರೆ ಮೈ ಕೊರೆದು ಮಂಕು ಕಲೆ ಉಳಿಯುತ್ತದೆ. ಗ್ರಾನೈಟಿಗೆ ಆ ಭಯ ಅಷ್ಟಿಲ್ಲ. ಪಾಲಿಶ್ ಮಾಡಿದ ದೊಡ್ಡ ಸ್ಲ್ಯಾಬು ಕೊಳ್ಳುವ ಶಕ್ತಿ ಇಲ್ಲದವರು ಫ್ಯಾಕ್ಟರಿಗಳಲ್ಲಿ ಉಳಿಯುವ ಸಣ್ಣ ಅಳತೆಯ ತುಂಡುಗಳನ್ನು ವಿಚಾರಿಸಬಹುದು. ಅಡುಗೆಮನೆಗೆ, ಮೆಟ್ಟಿಲಿಗೆ, ಹೊಸ್ತಿಲ ಬದಿಗೆ ಅವು ಧಾರಾಳವಾಗಿ ಸಾಕು.

ವಿಟ್ರಿಫೈಡ್ ಟೈಲ್ಸ್ ಬಹುತೇಕ ಬರುವುದು ಗುಜರಾತಿನ ಮೋರ್ಬಿಯಿಂದ. ಹೆಚ್ಚಿನ ಶಾಖದಲ್ಲಿ ಸುಟ್ಟು ಗಾಜಿನಂತೆ ಬಿಗಿಯಾಗುವ ಇವು ತಮ್ಮ ತೂಕದ ಶೇ 0.5ಕ್ಕಿಂತ ಕಡಿಮೆ ನೀರು ಹೀರುತ್ತವೆ. ಸಾಮಾನ್ಯ ಸೆರಾಮಿಕ್ ಟೈಲ್ಸ್ ಹೆಚ್ಚು ಹೀರುತ್ತವೆ. ಟೈಲಿನ ಹಿಂಬದಿಗೆ ನಾಲ್ಕು ಹನಿ ನೀರು ಹಾಕಿದರೆ ವ್ಯತ್ಯಾಸ ಅಂಗಡಿಯಲ್ಲೇ ತಿಳಿಯುತ್ತದೆ. ವಿಟ್ರಿಫೈಡ್‌ನಲ್ಲೂ ಎರಡು ಮುಖ್ಯ ಬಗೆ. ಡಬಲ್ ಚಾರ್ಜ್ ಎಂಬುದರಲ್ಲಿ ಬಣ್ಣದ ಪದರ ಮೂರು-ನಾಲ್ಕು ಮಿಲಿಮೀಟರ್ ದಪ್ಪ ಇರುತ್ತದೆ, ಸವೆದರೂ ಬಣ್ಣ ಹೋಗದು. ಜಿವಿಟಿ, ಅಂದರೆ ಗ್ಲೇಜ್ಡ್ ವಿಟ್ರಿಫೈಡ್ ಟೈಲ್‌ನಲ್ಲಿ ವಿನ್ಯಾಸ ಮೇಲ್ಮೈಯಲ್ಲಿ ಮಾತ್ರ ಅಚ್ಚಾಗಿರುತ್ತದೆ; ನೋಟ ಸುಂದರ, ಆದರೆ ಜನ ಓಡಾಡುವ ಅಂಗಡಿಗೆ ಮೊದಲನೆಯದೇ ಮೇಲು. ಎರಡು ಟೈಲುಗಳನ್ನು ಮುಖಾಮುಖಿ ಜೋಡಿಸಿ ಹಿಡಿದಾಗ ನಡುವೆ ಬೆಳಕು ಕಂಡರೆ ಅವು ಬಾಗಿವೆ ಎಂದೇ ಅರ್ಥ.

ಲೆಕ್ಕ ಹೀಗೆ. ಎರಡಡಿ ಟೈಲ್ಸ್ ಎಂದು ಕರೆಯುವುದರ ನಿಜವಾದ ಅಳತೆ 600 ಮಿಲಿಮೀಟರ್. ನಾಲ್ಕು ಟೈಲಿನ ಒಂದು ಬಾಕ್ಸ್ 15.5 ಚದರ ಅಡಿ ಮುಚ್ಚುತ್ತದೆ, 16 ಅಲ್ಲ. 10 ಅಡಿಗೆ 12 ಅಡಿಯ ಕೋಣೆಗೆ 120 ಚದರ ಅಡಿ. ಚೂರು-ಪಾರಿಗೆ ಶೇ 10 ಸೇರಿಸಿದರೆ 132, ಅಂದರೆ ಒಂಬತ್ತು ಬಾಕ್ಸ್. ನಾಲ್ಕಂಗುಲ ಸ್ಕರ್ಟಿಂಗಿಗೆ ಇನ್ನೊಂದು. ಗುಬ್ಬಿ, ಕುಣಿಗಲ್ಲಿನವರು ತುಮಕೂರಿನಲ್ಲೋ ಬೆಂಗಳೂರಿನಲ್ಲೋ ಕೊಳ್ಳುವಾಗ ಜಿಎಸ್‌ಟಿ, ಬಾಡಿಗೆ, ಇಳಿಸುವ ಕೂಲಿ ಸೇರಿಸಿಯೇ ಊರಿನ ಅಂಗಡಿಯ ಬೆಲೆಯೊಂದಿಗೆ ಹೋಲಿಸಬೇಕು. ಎಷ್ಟೋ ಸಲ ದೂರದ ಅಗ್ಗ ಮನೆ ಬಾಗಿಲಿಗೆ ಬರುವಷ್ಟರಲ್ಲಿ ಕರಗಿರುತ್ತದೆ.

ಈ ಭಾಗದಲ್ಲಿ ನೀರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೋರ್‌ವೆಲ್ ನೀರು ಹಲವು ಕಡೆ ಗಡಸು. ಅದರಿಂದ ಒರೆಸಿದ ಹೊಳಪಿನ ಕಪ್ಪು ನೆಲದ ಮೇಲೆ ಬಿಳಿ ಪೊರೆ ಕೂರುತ್ತದೆ. ಪೊರೆ ಹೋಗಲೆಂದು ಆಸಿಡ್ ಹಾಕುತ್ತಾರೆ. ಆಸಿಡ್ ಕಡಪ ಕಲ್ಲನ್ನು ತಿನ್ನುತ್ತದೆ, ಟೈಲುಗಳ ಸಂದಿನ ಸಿಮೆಂಟನ್ನೂ ತಿನ್ನುತ್ತದೆ. ಸಂದು ಬಿಟ್ಟ ಕಡೆ ನೀರು ಇಳಿದು ಟೈಲು ಸಡಿಲವಾಗುತ್ತದೆ. ಗಡಸು ನೀರಿನ ಮನೆಗೆ ತಿಳಿ ಬೂದು, ಮಣ್ಣಿನ ಬಣ್ಣದ ಮ್ಯಾಟ್ ಟೈಲ್ಸ್ ಒಪ್ಪುತ್ತವೆ. ಬಚ್ಚಲಿಗೆ, ಹಿತ್ತಿಲಿಗೆ, ಹಿರಿಯರು ಓಡಾಡುವ ಕಡೆ ಜಾರದ ಮೇಲ್ಮೈ ಬೇಕೇ ಬೇಕು. ನುಣುಪು ನೆಲದಲ್ಲಿ ಜಾರಿ ಸೊಂಟ ಮುರಿದುಕೊಂಡವರ ಆಸ್ಪತ್ರೆ ಖರ್ಚಿನ ಮುಂದೆ ಟೈಲಿನಲ್ಲಿ ಉಳಿಸಿದ ಹಣ ಏನೂ ಅಲ್ಲ.

ವ್ಯಾಪಾರದ ಜಾಗದ ಅಗತ್ಯವೇ ಬೇರೆ. ಗುಬ್ಬಿ ಕಡೆಯ ಅಡಿಕೆ, ಕೊಬ್ಬರಿ ದಾಸ್ತಾನಿನ ಗೋದಾಮಿಗೆ ಟೈಲ್ಸ್ ಹಾಕುವುದು ದುಡ್ಡು ಕಳೆಯುವ ಕೆಲಸ: ಮೂಟೆ ಎಸೆದಲ್ಲಿ ಒಡೆಯುತ್ತದೆ. ಅಲ್ಲಿಗೆ ತಕ್ಕದ್ದು ಒಳ್ಳೆಯ ಕಾಂಕ್ರೀಟು ನೆಲ. ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದರೆ ನೆಲದ ತೇವ ಮೇಲೇರಿ ಚೀಲಕ್ಕೆ ಬೂಷ್ಟು ಹಿಡಿಯುವುದು ತಪ್ಪುತ್ತದೆ. ದೊಡ್ಡ ಜಾಗವಾದರೆ, ಹಾಕಿದ ಕಾಂಕ್ರೀಟಿನಿಂದ ಹೆಚ್ಚುವರಿ ನೀರನ್ನು ಯಂತ್ರದಿಂದ ಹೀರಿ ತೆಗೆಯುವ ಟ್ರಿಮಿಕ್ಸ್ ವಿಧಾನ ಮೇಲ್ಮೈಯನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಕುಣಿಗಲ್ಲಿನಲ್ಲಿ ಬೆಂಗಳೂರು-ಮಂಗಳೂರು ಹೆದ್ದಾರಿ ಬದಿಯ ಹೋಟೆಲುಗಳಿಗೆ ಊಟದ ಹಾಲಿನಲ್ಲಿ ಮ್ಯಾಟ್ ವಿಟ್ರಿಫೈಡ್, ಎಣ್ಣೆ-ನೀರು ಚೆಲ್ಲುವ ಅಡುಗೆಮನೆಯಲ್ಲಿ ಒರಟು ಮೈಯ ಗ್ರಾನೈಟ್ ಮತ್ತು ಎಪಾಕ್ಸಿ ಸಂದು ಸರಿ. ತುಮಕೂರು ನಗರದಲ್ಲಿ ಬಾಡಿಗೆ ಮಳಿಗೆ ಹಿಡಿದವರಿಗೆ ವಿನೈಲ್ ಹಾಳೆ ಒಳ್ಳೆಯ ಉಪಾಯ. ಖಾಲಿ ಮಾಡುವಾಗ ಕಿತ್ತುಕೊಂಡು ಹೋಗಬಹುದು. ಕೆಳಗಿನ ನೆಲ ಮಟ್ಟವಾಗಿ, ಒಣಗಿ ಇರಬೇಕು ಅಷ್ಟೆ.

ಹಳೆಯ ಮನೆ ಕೊಂಡವರು ನೆಲ ಒಡೆಸುವ ಮೊದಲು ಒಮ್ಮೆ ನಿಂತು ನೋಡಬೇಕು. ಕೆಳಗಿರುವುದು ಮೊಸಾಯಿಕ್ ಆಗಿದ್ದರೆ ಯಂತ್ರದಿಂದ ಮರು ಪಾಲಿಶ್ ಮಾಡಿಸಿದರೆ ಸಾಕು, ಅಮೃತಶಿಲೆಯ ಚೂರುಗಳು ಮತ್ತೆ ಹೊಳೆಯುತ್ತವೆ. ಅದಕ್ಕಿಂತ ಕಡಿಮೆ ಖರ್ಚಿನ ಹೊಸ ನೆಲ ಸಿಗುವುದು ಕಷ್ಟ. ಗಟ್ಟಿಯಾದ ಹಳೆಯ ನೆಲದ ಮೇಲೆಯೇ ಅಂಟಿನಿಂದ ಟೈಲ್ಸ್ ಕೂರಿಸಬಹುದು. ಮಟ್ಟ ಏರುವುದರಿಂದ ಬಾಗಿಲುಗಳ ತಳ ಕೊಯ್ಯಿಸಬೇಕಾಗುತ್ತದೆ.

ಯಾವುದೇ ಟೈಲ್ಸ್ ಇರಲಿ, ಹಾಕುವಾಗ ಸಾಮಾನ್ಯವಾಗಿ ಆಗುವ ತಪ್ಪು ಎರಡು. ಸಂದೇ ಕಾಣಬಾರದೆಂದು ಒತ್ತೊತ್ತಾಗಿ ಜೋಡಿಸಿದರೆ ಬೇಸಿಗೆಯಲ್ಲಿ ಹಿಗ್ಗಿ ಉಬ್ಬಿ ಏಳುತ್ತವೆ; ಎರಡು-ಮೂರು ಮಿಲಿಮೀಟರ್ ಸಂದು ಬಿಡಲೇಬೇಕು. ಬಚ್ಚಲಿನಲ್ಲಿ ನೀರಿನ ವಾಟ ನೋಡದೆ ಹಾಕಿದರೆ ಮೂಲೆಯಲ್ಲಿ ನೀರು ನಿಲ್ಲುತ್ತದೆ. ಒಂದು ಬಕೆಟ್ ನೀರು ಸುರಿದು ಅದು ಜಾಲರಿಯತ್ತ ಹರಿಯುವುದನ್ನು ಕಂಡ ಮೇಲೆಯೇ ಕೂಲಿಯ ಕೊನೆಯ ಕಂತು ಕೊಡುವುದು ಒಳ್ಳೆಯದು. ಕೋಲಿನಿಂದ ಮೆಲ್ಲನೆ ತಟ್ಟಿದಾಗ ಟೊಳ್ಳು ಸದ್ದು ಬಂದ ಟೈಲನ್ನು ಅಂದೇ ಕೀಳಿಸಿ ಮತ್ತೆ ಹಾಕಿಸಬೇಕು.

ಬಾಕ್ಸ್‌ಗಳ ಮೇಲಿನ ಶೇಡ್ ಮತ್ತು ಬ್ಯಾಚ್ ಸಂಖ್ಯೆ ಎಲ್ಲದರಲ್ಲೂ ಒಂದೇ ಇದೆಯೇ ಎಂದು ಗಾಡಿಯಿಂದ ಇಳಿಸುವಾಗಲೇ ನೋಡಿಕೊಳ್ಳಿ. ಕೆಲಸ ಮುಗಿದ ಮೇಲೆ ಒಂದು ಬಾಕ್ಸ್ ಅಟ್ಟದ ಮೇಲೆ ಎತ್ತಿಡಿ. ಮುಂದೆ ಒಂದು ಟೈಲು ಒಡೆದಾಗ ಅದೇ ಬಣ್ಣ ಮಾರುಕಟ್ಟೆಯಲ್ಲಿ ಸಿಗುವ ಭರವಸೆ ಇಲ್ಲ.