ರಕ್ತನಾಳದೊಳಗಿನ ಜಗ್ಗಾಟ

ಬಿಪಿ ಎಂದೊಡನೆ ನಮ್ಮ ಮಾತು ಉಪ್ಪು, ಉಪ್ಪಿನಕಾಯಿ, ಟೆನ್ಷನ್, ಹೃದಯ ಇವುಗಳ ಸುತ್ತಲೇ ತಿರುಗುತ್ತದೆ. ರಕ್ತನಾಳದ ಪ್ರಸ್ತಾಪ ಬಂದರೂ ಅದು ಬರೀ ಕೊಳವೆಯೆಂಬ ಭಾವನೆ. ಆದರೆ ಆ ಕೊಳವೆಯ ಒಳಮೈಯಲ್ಲಿ ಒಂದೇ ಒಂದು ಜೀವಕೋಶದಷ್ಟು ದಪ್ಪದ ಪದರವಿದೆ. ಹೆಸರು ಎಂಡೋಥೀಲಿಯಂ. ಬಿಪಿಯ ಕಥೆಯಲ್ಲಿ ಇದಕ್ಕೆ ಸಲ್ಲಬೇಕಾದ ಸ್ಥಾನ ಇನ್ನೂ ಸಂದಿಲ್ಲ.

ವಿಜ್ಞಾನಿಗಳೂ ಬಹುಕಾಲ ಇದನ್ನು ಕೋಟಿನ ಅಸ್ತರಿನಂತೆಯೇ ಕಂಡಿದ್ದರು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ವಿಜ್ಞಾನಿ ರಾಬರ್ಟ್ ಫರ್ಚ್‌ಗಾಟ್ ಅವರನ್ನು ಒಂದು ಒಗಟು ವರ್ಷಗಟ್ಟಲೆ ಕಾಡಿತ್ತು. ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ದೇಹದೊಳಗೆ ನಾಳವನ್ನು ಹಿಗ್ಗಿಸುತ್ತದೆ. ಆದರೆ ಅವರ ಪ್ರಯೋಗಶಾಲೆಯಲ್ಲಿ ಅದು ಮೊಲದ ನಾಳದ ಪಟ್ಟಿಯನ್ನು ಕುಗ್ಗಿಸುತ್ತಿತ್ತು. ಪಟ್ಟಿ ಕತ್ತರಿಸುವಾಗ ಒಳಮೈ ಉಜ್ಜಿ ಆ ತೆಳು ಪದರವೇ ಕಿತ್ತುಹೋಗುತ್ತಿತ್ತೆಂಬುದು ಆಮೇಲೆ ತಿಳಿಯಿತು. ಪದರ ಉಳಿದ ನಾಳ ಸಡಿಲವಾಯಿತು. ಪದರ ಕಳೆದುಕೊಂಡ ಪಟ್ಟಿಯನ್ನು ಪದರವಿದ್ದ ಪಟ್ಟಿಗೆ ತಾಗಿಸಿಟ್ಟಾಗ ಅದೂ ಸಡಿಲವಾಯಿತು! ಪದರ ಏನನ್ನೋ ಸ್ರವಿಸಿ ನಾಳದ ಸ್ನಾಯುವಿಗೆ ಮುಟ್ಟಿಸುತ್ತಿತ್ತು. 1980ರಲ್ಲಿ ಪ್ರಕಟವಾದ ಈ ಸಂಗತಿ ನನಗೆ ಇಂದಿಗೂ ರೋಮಾಂಚನ ತರುತ್ತದೆ. ಆ ವಸ್ತು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವೆಂದು ಕೆಲವೇ ವರ್ಷಗಳಲ್ಲಿ ಗೊತ್ತಾಯಿತು. 1998ರ ನೊಬೆಲ್ ಪ್ರಶಸ್ತಿ ಫರ್ಚ್‌ಗಾಟ್, ಲೂಯಿಸ್ ಇಗ್ನಾರೊ, ಫೆರಿಡ್ ಮುರಾದ್ ಮೂವರಿಗೂ ಸಂದಿತು.

ಸಡಿಲಿಸುವ ಪದರವೇ ಬಿಗಿಯುತ್ತದೆ ಕೂಡ. ಜಪಾನಿನ ಸುಕುಬಾದಲ್ಲಿ 1988ರಲ್ಲಿ ಯಾನಗಿಸಾವ ಮತ್ತು ಸಂಗಡಿಗರು ಇದೇ ಕೋಶಗಳಿಂದ ಎಂಡೋಥೀಲಿನ್ ಪತ್ತೆಹಚ್ಚಿದರು. 21 ಅಮೈನೋ ಆಮ್ಲಗಳ ಈ ಪುಟ್ಟ ಸರಪಳಿ ನಾಳವನ್ನು ಬಲವಾಗಿ, ದೀರ್ಘಕಾಲ ಹಿಂಡುತ್ತದೆ. ಬಿಲದಲ್ಲಿರುವ ಒಂದು ಜಾತಿಯ ಹಾವಿನ ವಿಷಕ್ಕೂ ಇದಕ್ಕೂ ರಚನೆಯಲ್ಲಿ ಹತ್ತಿರದ ಹೋಲಿಕೆಯಿದೆ.

ಈ ಜಗ್ಗಾಟ ಸಣ್ಣದೇನಲ್ಲ. ನಾಳದ ತ್ರಿಜ್ಯ ಅರ್ಧಕ್ಕಿಳಿದರೆ ರಕ್ತದ ಹರಿವಿಗೆ ತಡೆ 16 ಪಟ್ಟು ಏರುತ್ತದೆ. ಸೂಕ್ಷ್ಮ ಅಪಧಮನಿಗಳು ತುಸುವೇ ಬಿಗಿದರೂ ಬಿಪಿ ಯಂತ್ರದ ಅಂಕಿ ಮೇಲೇರುವುದು ಇದರಿಂದಲೇ. ಬಿಪಿ ಇರುವವರ ಮುಂಗೈ ನಾಳಕ್ಕೆ ಅಸಿಟೈಲ್‌ಕೋಲಿನ್ ಕೊಟ್ಟು ನೋಡಿದ 1990ರ ಅಮೆರಿಕದ ಅಧ್ಯಯನದಲ್ಲಿ, ಆರೋಗ್ಯವಂತರಷ್ಟು ನಾಳ ಹಿಗ್ಗಲಿಲ್ಲ. ಪದರ ಕೆಟ್ಟು ಬಿಪಿ ಏರಿತೋ, ಏರಿದ ಬಿಪಿಯೇ ಪದರವನ್ನು ಕೆಡಿಸಿತೋ? ಎರಡೂ ನಡೆಯುತ್ತವೆ, ಒಂದನ್ನೊಂದು ಬೆಳೆಸುತ್ತವೆ. ತಂಬಾಕು, ಸಕ್ಕರೆ ಕಾಯಿಲೆ ನೈಟ್ರಿಕ್ ಆಕ್ಸೈಡನ್ನು ಕಸಿದು ಈ ಚಕ್ರಕ್ಕೆ ವೇಗ ಕೊಡುತ್ತವೆ.

ಬಿಪಿಗೆಂದು ಎನಲಾಪ್ರಿಲ್, ರಾಮಿಪ್ರಿಲ್ ನುಂಗುವವರು ನಮ್ಮ ಮನೆಗಳಲ್ಲೇ ಇದ್ದಾರೆ. ಆ ಮಾತ್ರೆಗಳು ತಡೆಯುವ ಎಸಿಇ ಕಿಣ್ವ ಕೂತಿರುವುದೂ ಈ ಪದರದ ಮೇಲೆಯೇ, ಶ್ವಾಸಕೋಶದ ನಾಳಗಳಲ್ಲಂತೂ ಹೇರಳವಾಗಿ. ನಾಳ ಬಿಗಿಯುವ ಆಂಜಿಯೋಟೆನ್ಸಿನ್ ತಯಾರಾಗುವುದು ಆ ಕಿಣ್ವದಿಂದ. ನೈಟ್ರಿಕ್ ಆಕ್ಸೈಡ್ ಬಿಡಿಸುವ ಬ್ರಾಡಿಕೈನಿನ್ ನಾಶವಾಗುವುದೂ ಅದರಿಂದ. ಇಂಥ ಮಾತ್ರೆಗಳ ಮೊದಲ ಸುಳಿವು ಸಿಕ್ಕಿದ್ದು ಬ್ರೆಜಿಲಿನ ಜರರಾಕಾ ಹಾವಿನ ವಿಷದಲ್ಲಿ.

ಬಿರುಸಾಗಿ ನಡೆದಾಗ ಏನಾಗುತ್ತದೆ ಎಂಬುದೂ ಈಗ ಸ್ಪಷ್ಟ. ರಕ್ತ ರಭಸದಿಂದ ಪದರವನ್ನು ಸವರಿಕೊಂಡು ಹೋಗುತ್ತದೆ, ಆ ಸವರುವಿಕೆಯೇ ಕೋಶಗಳಿಂದ ನೈಟ್ರಿಕ್ ಆಕ್ಸೈಡ್ ಹೊರಡಿಸುತ್ತದೆ. ಬೀಟ್‌ರೂಟ್, ಪಾಲಕ್ ಸೊಪ್ಪಿನ ನೈಟ್ರೇಟ್ ಬಾಯಿಯ ಬ್ಯಾಕ್ಟೀರಿಯಾಗಳ ನೆರವಿನಿಂದ ಇನ್ನೊಂದು ದಾರಿಯಲ್ಲಿ ಅದೇ ಅನಿಲವಾಗುತ್ತದೆ. ಹಲವು ಔಷಧಗಳಿಗೂ ಬಗ್ಗದ ಬಿಪಿಗೆ ಎಂಡೋಥೀಲಿನ್ನನ್ನೇ ತಡೆಯುವ ಅಪ್ರೊಸಿಟೆಂಟಾನ್ ಎಂಬ ಮಾತ್ರೆಗೆ 2024ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿದೆ. ಗರ್ಭಿಣಿಯರು ಮಾತ್ರ ಅದನ್ನು ಸೇವಿಸುವಂತಿಲ್ಲ.