ಸೂಜಿಯ ಹಿಂದಿನ ಓದು

ನಮ್ಮ ಸಂಘದ ಯಾವ ಸಮಾರಂಭಕ್ಕೆ ಹೋದರೂ ಊಟದ ಸಾಲಿನಲ್ಲಿ ಮಂಡಿನೋವು, ಸೊಂಟನೋವುಗಳ ಮಾತು ಬಾರದೆ ಇರುವುದಿಲ್ಲ. ಜಿ.ಪಿ. ಕೊಟ್ಟ ಗುಳಿಗೆ ನುಂಗಿದ್ದಾಯಿತು, ಫಿಸಿಯೋಥೆರಪಿಗೆ ಕಾದದ್ದೂ ಆಯಿತು, ಇನ್ನು ಆ ಚೀನೀ ಸೂಜಿಯನ್ನಾದರೂ ನೋಡಿಬಿಡೋಣ ಎನ್ನುವವರು ಹಲವರು. ನೋಡುವುದರಲ್ಲಿ ತಪ್ಪೇನಿಲ್ಲ. ಆದರೆ ಸೂಜಿ ಹಿಡಿದವರು ಏನು ಓದಿದ್ದಾರೆ ಎಂದು ಕೇಳುವವರು ಕಡಮೆ. ಈ ದೇಶದಲ್ಲಿ ಅದನ್ನು ಕೇಳಲೇಬೇಕು. ‘ಫಿಸಿಯೋಥೆರಪಿಸ್ಟ್’ ಎಂಬ ಹೆಸರಿಗೆ ಇಲ್ಲಿ ಕಾನೂನಿನ ರಕ್ಷಣೆಯಿದೆ. ‘ಅಕ್ಯುಪಂಕ್ಚರಿಸ್ಟ್’ ಎಂಬ ಹೆಸರಿಗೆ ಇಲ್ಲ. ವಾರಾಂತ್ಯದ ತರಗತಿಯಲ್ಲಿ ಕಲಿತವರೂ ಬೋರ್ಡು ಹಾಕಿಕೊಳ್ಳಬಹುದು. 1991ರ ಕಾಯಿದೆಯಂತೆ ಲಂಡನ್ನಿನ ಬರೋ ಕೌನ್ಸಿಲುಗಳು ಪರವಾನಗಿ ಕೊಡುವುದುಂಟು, ಆದರೆ ಅವು ನೋಡುವುದು ಮುಖ್ಯವಾಗಿ ಸ್ವಚ್ಛತೆ ಮತ್ತು ಸುರಕ್ಷತೆಯನ್ನು.

ಲಂಡನ್ನಿಗೆ ಈ ವಿದ್ಯೆ ಹೊಸದೇನಲ್ಲ. ಜಪಾನಿನಲ್ಲಿ ಕೆಲಸ ಮಾಡಿದ್ದ ಡಚ್ ವೈದ್ಯ ವಿಲೆಮ್ ಟೆನ್ ರೈನೆ ಇದರ ಬಗ್ಗೆ ಬರೆದ ಲ್ಯಾಟಿನ್ ಗ್ರಂಥ 1683ರಲ್ಲಿ ಇದೇ ಊರಿನಲ್ಲಿ ಅಚ್ಚಾಯಿತು. 1821ರಲ್ಲಿ ಜೇಮ್ಸ್ ಮಾರ್ಸ್ ಚರ್ಚಿಲ್ ಎಂಬ ಶಸ್ತ್ರವೈದ್ಯ (ಪ್ರಧಾನಿ ಚರ್ಚಿಲ್ ಅಲ್ಲ, ಬೇರೆಯವರು) ಒಂದು ಪುಸ್ತಕ ಬರೆದ. ನೋವಿರುವ ಸ್ನಾಯುವಿಗೇ ಸೂಜಿ ಹಾಕುವುದು ಅವನ ಕ್ರಮ. ಚೀನಾದ ನಾಡಿ, ಮಾರ್ಗಗಳ ಗೊಡವೆಗೆ ಅವನು ಹೋಗಲಿಲ್ಲ.

ನಮ್ಮ ದೇಶಕ್ಕೆ ಅದು ಬಂದ ದಾರಿ ಬೇರೆ. 1938ರಲ್ಲಿ ಯುದ್ಧಪೀಡಿತ ಚೀನಾಕ್ಕೆ ಹೋದ ಐವರು ಭಾರತೀಯ ವೈದ್ಯರಲ್ಲಿ ಒಬ್ಬರು, ಕನ್ನಡ ಮನೆಗಳೂ ಹೇರಳವಾಗಿರುವ ಸೊಲ್ಲಾಪುರದಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟ್ನಿಸ್. ಅವರು 1942ರಲ್ಲಿ ಅಲ್ಲೇ ತೀರಿಕೊಂಡರು. ವಯಸ್ಸು ಇನ್ನೂ 32. ಅವರ ಜೊತೆ ಹೋಗಿದ್ದ ಡಾ. ಬಿಜಯ್ ಕುಮಾರ್ ಬಸು 1958ರಲ್ಲಿ ಮತ್ತೆ ಚೀನಾಕ್ಕೆ ಹೋಗಿ ಸೂಜಿಚಿಕಿತ್ಸೆ ಕಲಿತು ಕಲ್ಕತ್ತೆಯಲ್ಲಿ ಆರಂಭಿಸಿದರು. ಆಧುನಿಕ ವೈದ್ಯವನ್ನು ಪೂರ್ತಿ ಓದಿದ್ದವರು ಮತ್ತೆ ವಿದ್ಯಾರ್ಥಿಯಾಗಿ ಕುಳಿತರು ಎಂಬುದನ್ನು ಗಮನಿಸಬೇಕು.

ಇಲ್ಲಿ ಸರಿಯಾಗಿ ಕಲಿಯುವವರ ಓದೂ ಸಣ್ಣದಲ್ಲ. ಬ್ರಿಟಿಷ್ ಅಕ್ಯುಪಂಕ್ಚರ್ ಕೌನ್ಸಿಲ್ 1995ರಲ್ಲಿ ಹುಟ್ಟಿದ ಸಂಸ್ಥೆ. ಅದು ಒಪ್ಪುವ ಶಿಕ್ಷಣ ಪದವಿ ಮಟ್ಟದ್ದು, ಕನಿಷ್ಠ ಮೂರು ವರ್ಷದ್ದು. ಅಂಗರಚನೆ, ರೋಗಶಾಸ್ತ್ರಗಳನ್ನು ಓದಬೇಕು. ಮೇಲ್ವಿಚಾರಕರ ಎದುರಿನಲ್ಲಿ ರೋಗಿಗಳನ್ನು ನೋಡಬೇಕು. ನಾಲಿಗೆ ನೋಡುವುದು, ಎರಡೂ ಮಣಿಕಟ್ಟುಗಳಲ್ಲಿ ಮೂರು ಮೂರು ಕಡೆ ಬೆರಳಿಟ್ಟು ನಾಡಿ ಹಿಡಿಯುವುದು ನಮ್ಮ ಪಂಡಿತರನ್ನೇ ನೆನಪಿಗೆ ತರುತ್ತದೆ. ಹದಿನಾಲ್ಕು ಮಾರ್ಗಗಳ ಮೇಲೆ 361 ಬಿಂದುಗಳಿವೆ. ಅಳತೆಗೆ ಟೇಪು ಬೇಡ. ರೋಗಿಯ ಹೆಬ್ಬೆರಳಿನ ಗೆಣ್ಣಿನ ಅಗಲವೇ ಒಂದು ‘ಚುನ್’. ಆಯುರ್ವೇದದಲ್ಲಿ ಅವರವರ ಬೆರಳಿನಿಂದ ಅಂಗುಲ ಎಣಿಸುವ ಹಾಗೆಯೇ. ಮಂಡಿಚಿಪ್ಪಿನ ಕೆಳಗೆ ಹೊರಮಗ್ಗುಲಲ್ಲಿ ಮೂರು ಚುನ್ ಇಳಿದರೆ ‘ಜು಼ಸಾನ್‌ಲಿ’ ಎಂಬ ಪ್ರಸಿದ್ಧ ಬಿಂದು. ಸುಶ್ರುತ ಹೇಳಿದ 107 ಮರ್ಮಗಳಿಗೂ ಇವಕ್ಕೂ ಗಂಟು ಹಾಕುವವರಿದ್ದಾರೆ. ನನಗೆ ಅದು ಅಷ್ಟಾಗಿ ಒಪ್ಪಿಗೆಯಿಲ್ಲ. ಮರ್ಮವೆಂದರೆ ಪೆಟ್ಟು ಬೀಳದಂತೆ ಕಾಯಬೇಕಾದ ಜಾಗ. ಇದು ಬೇಕೆಂದೇ ಚುಚ್ಚುವ ಜಾಗ.

ಸೂಜಿಯ ಜೊತೆಗೆ ಒಣಗಿದ ಸೊಪ್ಪನ್ನು ಉರಿಸಿ ಬಿಸಿ ಕೊಡುವ ‘ಮಾಕ್ಸಾ’ ಎಂಬ ಕ್ರಮವೂ ಇದೆ. ಆ ಸೊಪ್ಪು ನಮ್ಮ ಹೆಂಗಸರು ಹೂವಿನ ದಂಡೆಯಲ್ಲಿ ಸೇರಿಸುವ ದವನದ ಕುಲದ್ದು! ಹಳ್ಳಿಯಲ್ಲಿ ಬರೆ ಹಾಕುತ್ತಿದ್ದುದನ್ನು ಕಂಡವರು ಹೆದರಬೇಕಾಗಿಲ್ಲ. ಇಲ್ಲಿ ಚರ್ಮ ಸುಡಬಾರದು.

ಪದವಿ ಬಂದ ಮೇಲೂ ಓದು ಮುಗಿಯುವುದಿಲ್ಲ, ಏಕೆಂದರೆ ಶಾಸ್ತ್ರವೇ ನಿಂತ ನೀರಲ್ಲ. 1973ರಲ್ಲಿ ಮಾವಾಂಗ್‌ದುಯಿ ಎಂಬಲ್ಲಿ ಕ್ರಿ.ಪೂ. 168ರ ಸಮಾಧಿಯೊಂದನ್ನು ಅಗೆದಾಗ ವೈದ್ಯಗ್ರಂಥಗಳು ಸಿಕ್ಕವು. ಅದರಲ್ಲಿ ಹೇಳಿರುವುದು ಹನ್ನೊಂದು ಮಾರ್ಗ, ಬಿಂದುಗಳ ಹೆಸರಿಲ್ಲ. ಅಂದರೆ ಇಂದಿನ ಹನ್ನೆರಡರ ಲೆಕ್ಕ ಒಂದೇ ಸಲಕ್ಕೆ ಆದದ್ದಲ್ಲ. ಲಂಡನ್ನಿನಲ್ಲಿ ಈ ಚಿಕಿತ್ಸೆಯನ್ನು ವೈದ್ಯರಿಗೆ ಕಲಿಸಿದ, 1962ರಲ್ಲಿ ಇದರ ಬಗ್ಗೆ ಪುಸ್ತಕ ಬರೆದ ಡಾ. ಫೆಲಿಕ್ಸ್ ಮಾನ್, ಮುಂದೆ ಬಿಂದು, ಮಾರ್ಗಗಳು ಹಳಬರು ಹೇಳಿದಂತೆ ಇಲ್ಲವೆಂದೇ ಬರೆದರು. ಸೂಜಿಯನ್ನು ಮಾತ್ರ ಬಿಡಲಿಲ್ಲ.

ಹಾಗಾದರೆ ಗುಣ ಬರುತ್ತದೆಯೇ? ಜರ್ಮನಿಯಲ್ಲಿ 1,162 ಸೊಂಟನೋವಿನ ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲ 2007ರಲ್ಲಿ ಪ್ರಕಟವಾಯಿತು. ಆರು ತಿಂಗಳ ಬಳಿಕ ಶಾಸ್ತ್ರೀಯ ಸೂಜಿಯಿಂದ ನೂರಕ್ಕೆ 47.6 ಮಂದಿಗೆ ಉಪಶಮನವಾಗಿತ್ತು. ಬಿಂದುವಲ್ಲದ ಕಡೆ ಮೇಲೆಮೇಲೆ ಚುಚ್ಚಿದ ಹುಸಿ ಸೂಜಿಯಿಂದ 44.2 ಮಂದಿಗೆ, ಗುಳಿಗೆ, ವ್ಯಾಯಾಮಗಳ ವಾಡಿಕೆಯ ಚಿಕಿತ್ಸೆಯಿಂದ 27.4 ಮಂದಿಗೆ. ಪ್ರಯೋಜನವಿದೆ ಎನ್ನುವವರೂ ಬಿಂದುವಿಗೆ ಅರ್ಥವಿಲ್ಲ ಎನ್ನುವವರೂ ಇದೇ ಅಂಕಿಗಳನ್ನು ತೋರಿಸುತ್ತಾರೆ. ಎನ್.ಎಚ್.ಎಸ್.ಗೆ ಸಲಹೆ ಕೊಡುವ ‘ನೈಸ್’ ಸಂಸ್ಥೆಯೂ ಓಲಾಡಿದೆ. 2009ರಲ್ಲಿ ಸೊಂಟನೋವಿಗೆ ಹತ್ತು ಸಲದವರೆಗೆ ಕೊಡಬಹುದೆಂದಿತು. 2016ರಲ್ಲಿ ಕೊಡಬೇಡಿ ಎಂದಿತು. ಮೈಗ್ರೇನ್ ತಡೆಯಲು 2012ರಲ್ಲಿ, ಕಾರಣ ತಿಳಿಯದ ದೀರ್ಘಕಾಲದ ನೋವಿಗೆ 2021ರಲ್ಲಿ ಪರಿಗಣಿಸಬಹುದು ಎಂದಿದೆ. ಇದನ್ನೆಲ್ಲ ಬಲ್ಲವರು ಎಲ್ಲ ರೋಗಕ್ಕೂ ಇದೊಂದೇ ಮದ್ದು ಎನ್ನಲಾರರು.

ಓದಿದವರ ಗುರುತು ಹೆಚ್ಚಾಗಿ ತಿಳಿಯುವುದು ಎಲ್ಲಿ ಚುಚ್ಚಬಾರದು ಎಂಬುದರಲ್ಲಿ. ಭುಜದ ಮೇಲಿನ ‘ಜಿಯಾನ್‌ಜಿಂಗ್’ ಬಿಂದುವಿನ ಕೆಳಗೇ ಶ್ವಾಸಕೋಶದ ತುದಿಯಿದೆ; ಸೂಜಿ ಆಳಕ್ಕಿಳಿದರೆ ಶ್ವಾಸಕೋಶ ಕುಸಿಯಬಹುದು. ಇದು ಅಪರೂಪವಾದರೂ ಆಗಿರುವುದುಂಟು. ಗರ್ಭಿಣಿಯರಿಗೆ ಕೆಲವು ಬಿಂದುಗಳನ್ನು ವಾಡಿಕೆಯಿಂದ ಬಿಡುತ್ತಾರೆ. ಆದುದರಿಂದ ಬಸುರಿಯಾಗಿದ್ದರೆ, ವಾರ್ಫರಿನ್‌ನಂತಹ ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುತ್ತಿದ್ದರೆ, ಪೇಸ್‌ಮೇಕರ್ ಇದ್ದರೆ ಅವರು ಕೇಳುವ ಮೊದಲೇ ಹೇಳಿಬಿಡಿ. ಕೇಳದೆಯೇ ಸೂಜಿ ತೆಗೆದರೆ ಎದ್ದು ಬನ್ನಿ. ಸೂಜಿಯ ಪೊಟ್ಟಣವನ್ನು ನಿಮ್ಮೆದುರೇ ಒಡೆಯಬೇಕು, ಬಳಸಿದ್ದನ್ನು ಎಸೆಯಬೇಕು. ಕೌನ್ಸಿಲಿನ ಸದಸ್ಯರ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ಊರಿನಿಂದ ಬಂದ ಅಮ್ಮನವರನ್ನೋ ಅತ್ತೆಯವರನ್ನೋ ಕರೆದೊಯ್ಯುವವರು ಅವರ ಔಷಧಗಳ ಚೀಟಿಯನ್ನೂ ಜೊತೆಗೆ ಒಯ್ಯಿರಿ, ಕನ್ನಡದಲ್ಲಿ ಕೇಳಿ ಇಂಗ್ಲಿಷಿನಲ್ಲಿ ಹೇಳಲು ನೀವೂ ಒಳಗೆ ಕುಳಿತುಕೊಳ್ಳಿ.